ಸಾವಿನ ಮನೆಯ ಭಜನೆ, ಮದುವೆ ಮನೆಯ ಸೋಬಾನೆ

ಸಿರುಗುಪ್ಪದಿಂದ ಆದೋನಿಗೆ ಹೋಗುವ ದಾರಿಯಲ್ಲಿ, ಹಗರಿಯ ದಂಡೆಗೆ ರಾರಾವಿ. ಆಂಧ್ರದ ಗಡಿ ಹತ್ತಿರವೇ ಇರುವ ಈ ಸೀಮೆಯಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಬಳ್ಳಾರಿ ಭಾಗದ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ ನೆಂಟರಿಗೆ ಸುದ್ದಿ ಮುಟ್ಟಿಸಿದ ಬೆನ್ನಲ್ಲೇ ಭಜನೆಯವರಿಗೂ ಹೇಳಿ ಕಳಿಸುತ್ತಾರೆ. ಹಾರ್ಮೋನಿಯಂ, ತಬಲಾ, ತಾಳ ಬರುತ್ತವೆ. ಅನೇಕ ಮನೆಗಳಲ್ಲಿ ಶವವನ್ನು ಕೂಡ್ರಿಸಿ, ಹಾರ ಹಾಕಿ, ಅದರ ಎದುರಿಗೇ ಬೆಳತನಕ ತತ್ವಪದ ಹಾಡುತ್ತಾರೆ. ಶಿಶುನಾಳ ಶರೀಫರು, ಕಡಕೋಳ ಮಡಿವಾಳಪ್ಪ ಇಲ್ಲಿ ಪಠ್ಯಪುಸ್ತಕದ ಕವಿಗಳಲ್ಲ. ಅತ್ತು ದನಿ ಬಿದ್ದವರೂ ಸರಿರಾತ್ರಿಯ ಹೊತ್ತಿಗೆ ಪಲ್ಲವಿಗೆ ಸೇರಿಕೊಳ್ಳುತ್ತಾರೆ.

ಜನಪದ ಹಾಡುಗಳನ್ನು ಬರೆದಿಡುವ ಕೆಲಸ ಶುರುವಾದದ್ದು ಬೇರೆ ಕಾರಣಕ್ಕೆ. ಹತ್ತೊಂಬತ್ತನೇ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಲಾವಣಿಗಳನ್ನು ಸಂಗ್ರಹಿಸಿದ್ದು ಚರಿತ್ರೆಯ ಆಸಕ್ತಿಯಿಂದ. 1931ರಲ್ಲಿ ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಬಂದಾಗ ನೋಟ ಬದಲಾಯಿತು. ಬೀಸುವಾಗ, ತೊಟ್ಟಿಲು ತೂಗುವಾಗ, ತವರು ನೆನೆದಾಗ ಹೆಣ್ಣುಮಕ್ಕಳು ಕಟ್ಟಿದ ತ್ರಿಪದಿಗಳನ್ನು ಕನ್ನಡದ ಓದುಗರು ಕಾವ್ಯವೆಂದು ಒಪ್ಪಿಕೊಂಡರು. ಮುಂದೆ 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ, 2011ರಲ್ಲಿ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಹುಟ್ಟಿ ಅಧ್ಯಯನಕ್ಕೆ ಬಲ ಬಂತು.

ಆದರೂ ಈ ಸಂಗ್ರಹದ ಪರಂಪರೆಯಲ್ಲಿ ಒಂದು ಕೊರತೆ ಉಳಿದಿದೆ ಎಂದೇ ನನ್ನ ಅನಿಸಿಕೆ. ಹಾಡಿನ ಸಾಲು ಪುಸ್ತಕಕ್ಕೆ ಬಂತು, ಹಾಡಿದ ಗಳಿಗೆ ಹೊರಗೇ ಉಳಿಯಿತು. ಹೆಣ್ಣೊಪ್ಪಿಸುವ ಹಾಡನ್ನೇ ನೋಡಿ. ತಾಯಿ ಮಗಳ ಕೈಯನ್ನು ಬೀಗತಿಯ ಕೈಗಿಡುವಾಗ ಅವಳ ಗಂಟಲು ಕಟ್ಟಿರುತ್ತದೆ, ಮಾತು ಹೊರಡುವುದಿಲ್ಲ. ಸುತ್ತ ನಿಂತ ಮುತ್ತೈದೆಯರು ಅವಳ ಮಾತನ್ನು ತಾವು ಹಾಡುತ್ತಾರೆ: ತಪ್ಪು ಮಾಡಿದರೆ ತಿದ್ದಿಕೊಳ್ಳಿ, ಹಸಿವು ತಾಳದ ಕೂಸು ಎಂಬ ಅರ್ಥದ ಬೇಡಿಕೆ. ಸಮಾಧಾನ ಇರುವುದು ತಾಯಿಯ ಬದಲು ಹತ್ತು ಮಂದಿ ಬಾಯಿ ತೆರೆಯುವುದರಲ್ಲಿ. ಸಾವಿನ ಹಾಡುಗಳ ಸಂಗ್ರಹ ಇನ್ನೂ ಕಷ್ಟ. ಸಾವಿಲ್ಲದ ಮನೆಯಲ್ಲಿ ಆ ಪದ ಹಾಡಿಸಲು ಯಾರಿಗೆ ಮನಸ್ಸು ಬಂದೀತು? ಮೊಹರಂ ಹೊತ್ತಿನ ರಿವಾಯತ್ ಪದಗಳು ಮಾತ್ರ ಪ್ರತಿವರ್ಷ ಬಹಿರಂಗವಾಗಿ ಕೇಳಸಿಗುತ್ತವೆ. ಕರ್ಬಲಾದ ದುಃಖವನ್ನು ಎಲ್ಲ ಜಾತಿಯವರೂ ಕನ್ನಡದಲ್ಲಿ ಹಾಡಿಕೊಳ್ಳುವ ಪದಗಳಿವು.

ಹಾಡು ನೋವಿಗೆ ಕೊಡುವ ಸಮಾಧಾನದ ಈ ವಿಷಯವನ್ನು ವೈದ್ಯಲೋಕ ಇನ್ನೊಂದು ಬಾಗಿಲಿನಿಂದ ಹೊಕ್ಕಿತು. 1950ರಲ್ಲಿ ಅಮೆರಿಕದಲ್ಲಿ ಸಂಗೀತ ಚಿಕಿತ್ಸಕರ ರಾಷ್ಟ್ರೀಯ ಸಂಘವಾಯಿತು. 1978ರಲ್ಲಿ ಮಾಂಟ್ರಿಯಲ್‌ನ ಸೂಸನ್ ಮುನ್ರೊ, ಬಾಲ್ಫೋರ್ ಮೌಂಟ್ ಸಾಯುವ ರೋಗಿಗಳ ಆರೈಕೆಯಲ್ಲಿ ಸಂಗೀತದ ಬಳಕೆಯ ಬಗ್ಗೆ ಬರೆದರು. 2000ದಲ್ಲಿ ಕ್ಯಾಲಿಫೋರ್ನಿಯಾದ ಕೇಟ್ ಮಂಗರ್ ಕೊನೆಯುಸಿರಿನವರ ಹಾಸಿಗೆ ಪಕ್ಕದಲ್ಲಿ ಮೆಲುದನಿಯಲ್ಲಿ ಹಾಡುವ ಥ್ರೆಶೋಲ್ಡ್ ಕ್ವಾಯರ್ ಕಟ್ಟಿದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ಕಲೆ ಮತ್ತು ಆರೋಗ್ಯದ ನಂಟಿನ ವರದಿ ಕೊಟ್ಟಿತು.

ನಮ್ಮ ಸೀಮೆಯ ದೊಡ್ಡ ಸಾಕ್ಷಿ ಮಾತ್ರ ಇಂಥ ವರದಿಗಳ ಆಚೆಗಿದೆ. ಕುರುಗೋಡು ಕಡೆಯ ಕಲ್ಲುಕಂಬದಲ್ಲಿ ಗಂಡಾಗಿ ಹುಟ್ಟಿದ ಮಂಜುನಾಥ ಶೆಟ್ಟಿಗೆ ಹುಲಿಗಿಯಲ್ಲಿ ಉಡಿದಾರ ಹರಿದು, ಸೀರೆ ಉಡಿಸಿ, ಮುತ್ತು ಕಟ್ಟಿ ಜೋಗತಿಯಾಗಿಸಿದರು. ಮನೆ ದೂರವಾಯಿತು, ಭಿಕ್ಷೆ ಬೇಡಬೇಕಾಯಿತು, ಸಾಯುವ ಯತ್ನವೂ ನಡೆಯಿತು. ಕೈಹಿಡಿದದ್ದು ಕಾಳವ್ವ ಜೋಗತಿ ಕಲಿಸಿದ ಕುಣಿತ ಮತ್ತು ಎಲ್ಲಮ್ಮನ ಪದ. ತಲೆಯ ಮೇಲೆ ಕೊಡ ಅಲುಗದಂತೆ, ಚೌಡಿಕೆಯ ನಾದಕ್ಕೆ ಹೆಜ್ಜೆ ಹಾಕುವ ಕಲೆ ಅದು. ಆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಇದೇ ಎಲ್ಲಮ್ಮನ ಹೆಸರಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಮಾಡಿದ್ದನ್ನೂ, ಅದನ್ನು ತಡೆಯಲು 1982ರ ಕಾಯ್ದೆ ಬೇಕಾದದ್ದನ್ನೂ ಮರೆಯಬಾರದು. ನೋವು ಕೊಟ್ಟ ಆಚರಣೆಯ ಮಗ್ಗುಲಲ್ಲೇ ನೋವಿಗೆ ದನಿಯೂ ಇತ್ತು, ಸಂಶೋಧಕರು ಎರಡನ್ನೂ ಒಟ್ಟಿಗೇ ಕೇಳಿಸಿಕೊಳ್ಳಬೇಕು.

2020ರ ಜೂನ್ ಕೊನೆಗೆ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ದೇಹಗಳನ್ನು ಗುಂಡಿಗೆ ಎಸೆದ ವಿಡಿಯೊ ಹರಡಿತು, ಜಿಲ್ಲಾಡಳಿತ ಕ್ಷಮೆ ಕೇಳಿತು. ಆ ದಿನಗಳಲ್ಲಿ ಭಜನೆಯವರನ್ನು ಕರೆಯುವಂತಿರಲಿಲ್ಲ. ಹಾಡಿಲ್ಲದೆ ಕಳಿಸಿಕೊಟ್ಟ ಮನೆಗಳು ಆ ಸಾವುಗಳನ್ನು ಹೇಗೆ ಹೊತ್ತಿವೆ ಎಂಬುದನ್ನು ಜಾನಪದದವರೂ ಮನೋವೈದ್ಯರೂ ಕೂಡಿ ಕೇಳಬೇಕಿದೆ. ಅದಕ್ಕೆ ರಾರಾವಿಯಂಥ ಊರುಗಳ ಭಜನೆ ಮೇಳದ ಹಿರಿಯರಿಂದ ಶುರುಮಾಡಬಹುದು: ಯಾವ ಮನೆಗೆ ಯಾವ ಪದ, ಎಷ್ಟು ಹೊತ್ತಿಗೆ ಎಂಬ ಲೆಕ್ಕ ಅವರಿಗೆ ಬಾಯಿಪಾಠ.