ಸ್ಕಿಲ್ ನಮ್ಮ ಹತ್ರ ಮೊದಲೂ ಇತ್ತು, ಬಾಗಿಲು ಇರಲಿಲ್ಲ



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಡಿಗ್ರಿ ಮುಗಿಸಿ ಕೆಲಸ ಹುಡುಕ್ತಾ ಇರುವ ನಮ್ಮ ಮಕ್ಕಳಂತೂ ಓದಲೇಬೇಕು.

ಹೋದ ತಿಂಗಳು ಕುಂದಾಪುರದಲ್ಲಿ ಮುಂದಿನ ಕಾಲದ ಉದ್ಯೋಗಗಳ ಬಗ್ಗೆ ಯುವಕರಿಗೆ ಒಂದು ದಿನದ ತರಬೇತಿ ಇತ್ತು. ಗಂಗೊಳ್ಳಿಯ ನಮ್ಮ ಕಾಲೋನಿಯಿಂದ ಏಳೆಂಟು ಮಕ್ಕಳನ್ನು ಕರ್ಕೊಂಡು ಹೋಗಿದ್ದೆ. ತರಬೇತಿ ಕೊಡಲು ಬಂದವರು ಒಳ್ಳೆಯ ಮನುಷ್ಯ, ಚೆನ್ನಾಗಿಯೇ ಮಾತಾಡಿದರು. ಎಐ ಬರ್ತದೆ, ಹಳೇ ಕೆಲಸಗಳು ಹೋಗ್ತವೆ, ಹೊಸ ಕೆಲಸಗಳು ಬರ್ತವೆ, ಇನ್ನು ಮುಂದೆ ಯಾರೂ ಜಾತಿ ಕೇಳೋದಿಲ್ಲ, ಸ್ಕಿಲ್ ಮಾತ್ರ ಕೇಳ್ತಾರೆ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ನಾ ಕಲಿತೆ ಸರ್. ಕಲ್ತ್ ಮೇಲೆ ಕೆಲ್ಸಕ್ಕೆ ಯಾರ್ ತಕಂತ್ರ್?"

ಅವರು ನಕ್ಕು, ಪಾಸಿಟಿವ್ ಆಗಿ ಯೋಚನೆ ಮಾಡಬೇಕಮ್ಮಾ ಅಂದರು. ಊಟದ ಹೊತ್ತಾಗಿತ್ತು, ಮಾತು ಅಲ್ಲಿಗೇ ನಿಂತಿತು. ಆ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿ ಇದೆ ಅಂತ ನನಗೆ ಅನಿಸ್ತು. ಅದಕ್ಕೇ ಈ ಬರಹ.

ಮೊದಲು ಒಂದು ಮಾತು. ನಮ್ಮ ಹಿರಿಯರಿಗೆ ಸ್ಕಿಲ್ ಇರಲಿಲ್ಲ ಅನ್ನೋದೇ ಸುಳ್ಳು. ಗಂಗೊಳ್ಳಿಯಲ್ಲಿ ಐದು ಹೊಳೆಗಳು ಸೇರಿ ಸಮುದ್ರಕ್ಕೆ ಹೋಗ್ತವೆ. ಭರತದ ಹೊತ್ತಿಗೆ ಉಪ್ಪುನೀರು ಮೇಲೆ ಬರುತ್ತದೆ. ಆ ನೀರು ಗದ್ದೆಗೆ ನುಗ್ಗದ ಹಾಗೆ ಎಲ್ಲಿ ಮಣ್ಣು ಹಾಕಬೇಕು, ಎಷ್ಟು ಎತ್ತರ ದಂಡೆ ಕಟ್ಟಬೇಕು, ಯಾವಾಗ ನೀರು ಬಿಡಬೇಕು ಅನ್ನೋದು ನನ್ನ ಅಜ್ಜನಿಗೆ ಬಾಯಿಪಾಠ. ಇವತ್ತು ಇದನ್ನೇ ಇಂಜಿನಿಯರ್ ಹೇಳಿದ್ರೆ ಅದು ತಂತ್ರಜ್ಞಾನ. ಅಜ್ಜ ಮಾಡಿದ್ರೆ ಅದು ಆಳಿನ ಕೆಲಸ. ಕೊರಗ ಬಂಧುಗಳು ಹೆಣೆಯುವ ಬುಟ್ಟಿಗೂ ಇದೇ ಕಥೆ. ಬಿಳಲು, ಬಿದಿರು ಆರಿಸೋದು, ಸೀಳೋದು, ಹೆಣೆಯೋದು ಸಣ್ಣ ವಿದ್ಯೆಯಾ? ಆದರೆ ಆ ವಿದ್ಯೆಗೆ ಸಮಾಜ ಕೊಟ್ಟ ಬೆಲೆ ಅಜಲು. ಎಂಜಲನ್ನ ತಿನ್ನಿಸುವ, ಡೋಲು ಬಡಿಸಿ ಅವಮಾನ ಮಾಡುವ ಆ ಪದ್ಧತಿಯನ್ನು ನಿಷೇಧ ಮಾಡ್ಲಿಕ್ಕೆ ಕರ್ನಾಟಕದಲ್ಲಿ 2000ನೇ ಇಸವಿಯಲ್ಲಿ ಒಂದು ಕಾಯ್ದೆಯೇ ಬೇಕಾಯ್ತು.

ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿ ಸರ್ಕಾರದ ಡಾಕ್ಟರು 1801ರಲ್ಲಿ ನಮ್ಮ ಕರಾವಳಿ ಸುತ್ತಿದ. ಇಲ್ಲಿ ಗದ್ದೆ ಕೆಲಸ ಮಾಡುವ ಗುಲಾಮರ ಬಗ್ಗೆ ಬರೆದಿಟ್ಟ. ಗುಲಾಮಗಿರಿ ಅಂದ ಕೂಡ್ಲೇ ನಾವು ಅಮೆರಿಕ ನೆನಪು ಮಾಡ್ಕೊಳ್ತೇವೆ, ಅದು ಇಲ್ಲೇ ನಮ್ಮ ಗದ್ದೆಯಲ್ಲೇ ಇತ್ತು. 1843ರ 5ನೇ ಕಾಯ್ದೆ ಬಂದ ಮೇಲೆ ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ ಹೋಯ್ತು. ಆದರೆ ಗದ್ದೆಯಲ್ಲಿ ಅದು ಮೂಲದಾಳು, ಜೀತದಾಳು ಅಂತ ಹೆಸರು ಬದಲಿಸಿ ಉಳಿಯಿತು. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಲೆಕ್ಕ ಹಾಕಿ, ಮಧ್ಯೆ 133 ವರ್ಷ.

ಕರಾವಳಿಯ ಕೆಲಸದ ರೀತಿ ಮೊದಲ ಸಲ ದೊಡ್ಡದಾಗಿ ಬದಲಾದದ್ದು ಬಾಸೆಲ್ ಮಿಷನ್ನಿನಿಂದ. 1834ರಲ್ಲಿ ಮಂಗಳೂರಿಗೆ ಬಂದರು. ಮತಾಂತರ ಆದವರಿಗೆ ಜಾತಿಯ ಕೆಲಸವೂ ಹೋಗಿ, ಜಮೀನೂ ಹೋಗಿ, ಹೊಟ್ಟೆಪಾಡಿನ ಪ್ರಶ್ನೆ ಎದ್ದಿತು. ಅದಕ್ಕೆ ನೇಯ್ಗೆ ಶುರು ಮಾಡಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆಮೇಲೆ ಹೆಂಚಿನ ಕಾರ್ಖಾನೆಗಳು ನಮ್ಮ ಕುಂದಾಪುರದ ತನಕವೂ ಬಂದವು. ಒಡೆಯನ ಮನೆಯಂಗಳದಲ್ಲಿ ಭತ್ತ ಅಳಿಸಿಕೊಳ್ಳುವ ಬದಲು ಕೈಗೆ ನಗದು ಸಂಬಳ ಸಿಗುವುದು ಸಣ್ಣ ಬದಲಾವಣೆ ಅಲ್ಲ. ಕಾರ್ಖಾನೆಯ ಒಳಗೂ ಮಣ್ಣು ಹೊರುವವರು ಯಾರು, ಮೇಸ್ತ್ರಿ ಯಾರು, ಲೆಕ್ಕದ ಪುಸ್ತಕ ಬರೆಯುವವರು ಯಾರು ಅನ್ನೋದನ್ನು ಕೇಳಬೇಕಾಗ್ತದೆ. ಆದ್ರೂ ಒಂದು ಪಾಠ ಇದೆ. ಹೊಸ ಕೆಲಸ ಬಂದಾಗ ಯಾರಿಗಾದ್ರೂ ಬಾಗಿಲು ತೆರೆದದ್ದು ಯಂತ್ರ ಅಲ್ಲ. ಬಾಗಿಲು ತೆರೆಯಬೇಕು ಅಂತ ತೀರ್ಮಾನ ಮಾಡಿದ ಮನುಷ್ಯರು.

ಅಂಥವರಲ್ಲಿ ಒಬ್ಬರು ಕುದ್ಮುಲ್ ರಂಗರಾವ್. 1859ರಲ್ಲಿ ಕಾಸರಗೋಡಿನಲ್ಲಿ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ವಕೀಲರಾದವರು. ಅವರ ಬಗ್ಗೆ ಬರೆದವರೆಲ್ಲ ಬೆಂದೂರು ಬಾಬು ಅವರ ಕಥೆ ಹೇಳ್ತಾರೆ. ನಾಲ್ಕನೇ ಕ್ಲಾಸು ಓದಿದ ದಲಿತ ಯುವಕ, ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ತು. ಮೇಲ್ಜಾತಿಯವರು ಗಲಾಟೆ ಎಬ್ಬಿಸಿದರು. ಗಮನಿಸಿ, ಬಾಬುವಿಗೆ ವಿದ್ಯೆ ಇತ್ತು, ನೇಮಕವೂ ಆಗಿತ್ತು. ಅಡ್ಡಿ ಇದ್ದದ್ದು ಅವರು ಕಚೇರಿಯೊಳಗೆ ಕಾಲಿಡೋದಕ್ಕೆ. ರಂಗರಾಯರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ನಮ್ಮ ಮಕ್ಕಳಿಗಾಗಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅಕ್ಷರದ ಜೊತೆ ನೇಯ್ಗೆಯಂಥ ಕೈಕೆಲಸವನ್ನೂ ಕಲಿಸಿದರು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಸ್ಕಿಲ್ ಡೆವಲಪ್‌ಮೆಂಟ್, ನೂರಿಪ್ಪತ್ತೈದು ವರ್ಷದ ಹಿಂದೆ.

ಆದರೆ ಒಬ್ಬ ಒಳ್ಳೆಯ ಮನುಷ್ಯನಿಂದ ಎಷ್ಟು ಬಾಗಿಲು ತೆರೆಯಲು ಸಾಧ್ಯ? ಆಗ ನಮ್ಮ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿತ್ತು. ಜಸ್ಟೀಸ್ ಪಾರ್ಟಿಯ ಕಾಲದಲ್ಲಿ 1921ರಲ್ಲಿ ಜಾತಿವಾರು ಪ್ರಾತಿನಿಧ್ಯದ ಆದೇಶ ಬಂತು. 1927ರ ಆದೇಶದಲ್ಲಿ ಲೆಕ್ಕ ಸ್ಪಷ್ಟ ಆಯ್ತು: ಪ್ರತಿ 12 ಸರ್ಕಾರಿ ಹುದ್ದೆಯಲ್ಲಿ 1 ನಮ್ಮವರಿಗೆ. ಹನ್ನೆರಡರಲ್ಲಿ ಒಂದು! ಆದರೆ ದಯೆಯಿಂದ ಸಿಕ್ಕಿದ್ದಲ್ಲ, ಲೆಕ್ಕದಿಂದ ಸಿಕ್ಕಿದ್ದು. 1942ರಿಂದ 1946ರ ತನಕ ಬಾಬಾಸಾಹೇಬರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಇಲಾಖೆ ನೋಡಿಕೊಂಡರು. 1943ರಲ್ಲಿ ಕೇಂದ್ರದ ಹುದ್ದೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 8.33 ಮೀಸಲಾತಿ ಬಂತು. ಉದ್ಯೋಗ ವಿನಿಮಯ ಕಚೇರಿಗಳು ಶುರುವಾದದ್ದೂ ಅವರ ಕಾಲದಲ್ಲೇ. ದಿನಕ್ಕೆ ಎಂಟು ಗಂಟೆ ದುಡಿಮೆಯ ನಿಯಮಕ್ಕೂ ಅವರು ದುಡಿದರು. ಜಾತಿ ಅಂದ್ರೆ ಬರೀ ಕೆಲಸ ಹಂಚೋದಲ್ಲ, ಕೆಲಸ ಮಾಡುವ ಮನುಷ್ಯರನ್ನೇ ಮೇಲೆ ಕೆಳಗೆ ಅಂತ ವಿಂಗಡಿಸೋದು ಎಂದು ತೋರಿಸಿಕೊಟ್ಟವರು ಅವರು. ತರಬೇತಿ, ನೇಮಕ, ದುಡಿಮೆಯ ಗಂಟೆ ಮೂರನ್ನೂ ಅವರು ಒಟ್ಟಿಗೆ ಹಿಡಿದದ್ದು ಅದಕ್ಕೇ.

ನಮ್ಮ ಮನೆಗೆ ಈ ಇತಿಹಾಸ ಬಂದದ್ದು ಒಂದು ಕಾರ್ಡಿನ ರೂಪದಲ್ಲಿ. 1974ರಲ್ಲಿ ಅರಸು ಸರ್ಕಾರದ ಭೂಸುಧಾರಣೆ ಬಂತು, ಉಳುವವನೇ ಹೊಲದೊಡೆಯ. ಆದರೆ ಅರ್ಜಿ ಹಾಕಬಹುದಾಗಿದ್ದದ್ದು ಗೇಣಿದಾರರು. ನನ್ನ ಅಜ್ಜ ಗೇಣಿದಾರ ಅಲ್ಲ, ಗೇಣಿದಾರನ ಗದ್ದೆಯಲ್ಲಿ ದುಡಿಯುವ ಆಳು. ಹಾಗಾಗಿ ಒಂದು ಸೆಂಟ್ಸೂ ಬರಲಿಲ್ಲ. ಡಿ.ಸಿ. ಮನ್ನಾ ಭೂಮಿಗೆ ನಮ್ಮವರು ಇವತ್ತಿಗೂ ಹೋರಾಟ ಮಾಡ್ತಾ ಇರೋದು ನಿಮಗೆಲ್ಲ ಗೊತ್ತೇ ಇದೆ. ನೆಲ ಸಿಗದ ಅಜ್ಜ ಮಗನನ್ನು ಏಳನೇ ಕ್ಲಾಸಿನ ತನಕ ಓದಿಸಿದರು. ಅಪ್ಪಯ್ಯ ಉದ್ಯೋಗ ವಿನಿಮಯದಲ್ಲಿ ಹೆಸರು ಬರೆಸಿದರು, ಆರು ವರ್ಷ ಕಾದರು, ಒಂದು ಕಚೇರಿಯಲ್ಲಿ ಜವಾನರಾದರು.

ಆ ಕಚೇರಿಯ ಹೆಸರು ಬೇಡ. ಅಲ್ಲಿ ಅಪ್ಪಯ್ಯನ ಚಾ ಗ್ಲಾಸು ಕಿಟಕಿಯ ಹೊರಗೆ ಬೇರೆ ಇರ್ತಿತ್ತು. ಸಂಜೆ ಐದೂವರೆ ತನಕ ನಿಂತೇ ಇರಬೇಕು. ರಜೆಯಲ್ಲಿ ನಾನೊಮ್ಮೆ ಹೋಗಿದ್ದಾಗ, ಖಾಲಿ ಕುರ್ಚಿ ಇದ್ರೂ ಯಾಕೆ ಕೂತ್ಕೊಳ್ಳೋದಿಲ್ಲ ಅಂತ ಕೇಳಿದೆ. "ಮಗಾ, ಕುರ್ಚಿ ಇಪ್ದ್ ಕೂಕಂಬುಕೆ. ಆದ್ರೆ ನಂಗೆ ಅದನ್ ಒರ್ಸುದ್ ಮಾತ್ರ ಕೆಲ್ಸ. ನೀ ಓದ್" ಅಂದರು. ಅವರ ಸಂಬಳದಲ್ಲೇ ನಾನು ಬಿ.ಎ. ಮಾಡಿದೆ, ಟೈಪಿಂಗ್ ಜೂನಿಯರ್ ಪಾಸಾದೆ, ಮೀಸಲಾತಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾದೆ. ಇದನ್ನು ಹೇಳ್ಕೊಳ್ಳಲು ನನಗೆ ನಾಚಿಕೆ ಇಲ್ಲ.

ನಾನು ಸೇರಿದ ಹೊಸತರಲ್ಲಿ ಕಚೇರಿಗೆ ಕಂಪ್ಯೂಟರ್ ಬಂತು. ಭೂಮಿ ಯೋಜನೆಯಲ್ಲಿ ಪಹಣಿಯೆಲ್ಲ ಕಂಪ್ಯೂಟರಿಗೆ ಏರಿದ ಕಾಲ ಅದು. ಒಂದೇ ಕಂಪ್ಯೂಟರ್, ಒಂದೇ ಕುರ್ಚಿ. ಅಲ್ಲಿ ಯಾರು ಕೂರಬೇಕು ಅಂತ ಯಾವ ಆದೇಶವೂ ಇರಲಿಲ್ಲ. ಆದ್ರೂ ಎಲ್ಲರಿಗೂ ಗೊತ್ತಿತ್ತು. ನನಗೆ ಸಿಕ್ಕಿದ್ದು ಟಪಾಲು ವಿಭಾಗ. ಕಲೀತೇನೆ ಸಾರ್ ಅಂದ್ರೆ, ನಿಮಗ್ಯಾಕೆ ಅದೆಲ್ಲ ತಲೆಬಿಸಿ ಅಂತಿದ್ರು. ನಾನು ಕೈಯಿಂದ ದುಡ್ಡು ಹಾಕಿ, ಕಚೇರಿ ಬಿಟ್ಟ ಮೇಲೆ ಪೇಟೆಯ ಸೆಂಟರಿನಲ್ಲಿ ನುಡಿ ಕಲಿತೆ. 2012ರಲ್ಲಿ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ಬಂತು. ಎಲ್ಲರೂ ಪಾಸಾಗಲೇಬೇಕು! ಆಗ ಆ ಕುರ್ಚಿ ಎಲ್ಲರದ್ದಾಯ್ತು. ನಾನು ಮೊದಲ ಸಲಕ್ಕೇ ಪಾಸ್. ತಲೆಬಿಸಿ ಬೇಡ ಅಂದವರೇ ಆಮೇಲೆ ನನ್ನ ಮೇಜಿನ ಹತ್ರ ಬಂದು ಕೂತರು. ನಾನು ಕಲಿಸಿದೆ. ಚಾ ಕುಡಿದದ್ದು ಒಂದೇ ತರದ ಗ್ಲಾಸಿನಲ್ಲಿ.

ತಂತ್ರಜ್ಞಾನ ತಾನಾಗಿಯೇ ನಮ್ಮನ್ನು ಬಿಡಿಸ್ತದೆ ಅನ್ನುವವರು ಮಲದ ಗುಂಡಿಯ ಇತಿಹಾಸ ನೋಡಬೇಕು. ತಲೆ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ನಿಲ್ಲಿಸಿದ್ದು ಬಿ. ಬಸವಲಿಂಗಪ್ಪನವರು, ಮಂತ್ರಿಯಾಗಿ, ಆದೇಶ ಹೊರಡಿಸಿ. ದೇಶಕ್ಕೆ ಕಾಯ್ದೆ ಬಂದದ್ದು 1993ರಲ್ಲಿ, ಮತ್ತೆ 2013ರಲ್ಲಿ ಇನ್ನೊಂದು. ಚಂದ್ರನ ಮೇಲೆ ಯಂತ್ರ ಇಳಿಸಿದ ದೇಶದಲ್ಲಿ ಇವತ್ತಿಗೂ ಮ್ಯಾನ್‌ಹೋಲಿಗೆ ಇಳಿದು ಸಾಯುವವರು ನಮ್ಮವರೇ. ಯಂತ್ರ ಇಲ್ಲ ಅಂತಲ್ಲ. ನಮ್ಮ ಜೀವ ಯಂತ್ರಕ್ಕಿಂತ ಅಗ್ಗ ಅಂತ.

ಇನ್ನು ಮೆರಿಟ್ ಮಾತು. 2017ರಲ್ಲಿ ಬಿ.ಕೆ. ಪವಿತ್ರ ಪ್ರಕರಣದ ತೀರ್ಪು ಬಂದ ಮೇಲೆ ನಮ್ಮ ನೌಕರರಿಗೆ ಹಿಂಬಡ್ತಿಯ ಆದೇಶ ಬಂದ ದಿನಗಳು ನೆನಪಿದೆಯಾ? ನಿನ್ನೆ ಕೂತ ಕುರ್ಚಿಯಿಂದ ಇವತ್ತು ಎದ್ದು ಕೆಳಗಿನ ಕುರ್ಚಿಗೆ ಹೋಗೋದು. ಸರ್ಕಾರ 2018ರಲ್ಲಿ ಹೊಸ ಕಾಯ್ದೆ ತಂತು. 2019ರ ಮೇ 10ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಡಳಿತದ ದಕ್ಷತೆ ಅಂದ್ರೆ ಬರೀ ಅಂಕ ಅಲ್ಲ, ಎಲ್ಲ ಸಮುದಾಯದವರೂ ಒಳಗೆ ಇರುವುದೂ ದಕ್ಷತೆಯೇ ಎಂಬ ಅರ್ಥದ ತೀರ್ಪು ಅದು. ಈಗ ಕಂಪನಿಗಳು ಇನ್‌ಕ್ಲೂಷನ್ ಅಂತ ಹೇಳುವ ಮಾತನ್ನು ನಮ್ಮವರು ಕೋರ್ಟಿನಲ್ಲಿ ಹೋರಾಡಿ ಗೆದ್ದದ್ದು.

ಈಗ ಭವಿಷ್ಯಕ್ಕೆ ಬರೋಣ. ಅಪ್ಪಯ್ಯ ಹತ್ತಿದ ಏಣಿಯ ಕೆಳಗಿನ ಮೆಟ್ಟಿಲೇ ಈಗ ಇಲ್ಲ. ನಾನು ಸೇರುವಾಗ ನಮ್ಮ ಕಚೇರಿಯಲ್ಲಿ ಡಿ ದರ್ಜೆಯ ನಾಲ್ವರಿದ್ದರು. ಈಗ ಒಬ್ಬರು. ಉಳಿದ ಕೆಲಸ ಹೊರಗುತ್ತಿಗೆ. ಕಸ ಗುಡಿಸುವ ಅಕ್ಕ, ಡಾಟಾ ಎಂಟ್ರಿಯ ತಮ್ಮ, ವಾಚ್‌ಮನ್ ಎಲ್ಲರೂ ಏಜೆನ್ಸಿಯವರು. ಪಿಂಚಣಿ ಇಲ್ಲ, ಬಡ್ತಿ ಇಲ್ಲ. 2022ರಲ್ಲಿ ರಾಜ್ಯದಲ್ಲಿ ಎಸ್‌ಸಿ ಮೀಸಲಾತಿ ಶೇ. 15ರಿಂದ 17 ಆಯ್ತು ಅಂತ ನಾವು ಖುಷಿಪಟ್ಟೆವು. ಆದರೆ ಹುದ್ದೆಯೇ ಇಲ್ಲದಿದ್ರೆ ಶೇಕಡಾ ಯಾವುದರ ಮೇಲೆ? 2024ರಲ್ಲಿ ರಾಜ್ಯ ಸರ್ಕಾರ ಹೊರಗುತ್ತಿಗೆ ನೇಮಕದಲ್ಲೂ ಮೀಸಲಾತಿ ಪಾಲಿಸಬೇಕು ಅಂತ ಆದೇಶ ಮಾಡಿದೆ. ಅದು ನಮ್ಮೂರ ಕಚೇರಿಗಳಲ್ಲಿ ಪಾಲನೆ ಆಗ್ತಾ ಇದೆಯಾ ಅಂತ ಕೇಳುವವರು ಯಾರು? ನಾವೇ.

ಊರು ಬಿಟ್ಟ ನಮ್ಮ ಹುಡುಗರು ಬೆಂಗಳೂರಿನಲ್ಲಿ ಬೈಕ್ ಮೇಲೆ ಊಟ ಹಂಚ್ತಾರೆ. ಆ್ಯಪ್ ಜಾತಿ ಕೇಳೋದಿಲ್ಲ, ನಿಜ. ಆದರೆ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಡೆಲಿವರಿಯವರಿಗೆ ಪ್ರವೇಶ ಇಲ್ಲ ಅಂತ ಬೋರ್ಡು ಇರ್ತದೆ. ಅದನ್ನು ಓದಿದಾಗೆಲ್ಲ ನನಗೆ ಕಿಟಕಿಯ ಹೊರಗಿನ ಗ್ಲಾಸು ನೆನಪಾಗ್ತದೆ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿತು. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇ. 1ರಿಂದ 5ರ ತನಕ ಕಂಪನಿಯಿಂದ ಕಲ್ಯಾಣ ಶುಲ್ಕ ಪಡೆಯಲು ಅದರಲ್ಲಿ ಅವಕಾಶ ಇದೆ. ಇದೂ ಕೇಳಿ ಪಡೆದದ್ದೇ.

ನನ್ನ ಕೆಲಸವೂ ಉಳಿಯುತ್ತೋ ಇಲ್ವೋ. ನಾನು ಅರ್ಧ ದಿನ ಕೂತು ಬರೆಯುವ ಕಚೇರಿ ಪತ್ರವನ್ನು ಮೊಬೈಲು ಎರಡು ನಿಮಿಷದಲ್ಲಿ ಬರೆದು ಕೊಡ್ತದೆ. ಹೆದರಿಕೆ ಇದೆ, ಸುಳ್ಳು ಹೇಳೋದಿಲ್ಲ. ಹಾಗಂತ ಕಲಿಯಬೇಡಿ ಅಂತ ಹೇಳ್ತಾ ಇಲ್ಲ. ಕಲಿಯಿರಿ, ಎಐ ಕೂಡ ಕಲಿಯಿರಿ, ನಾನೂ ಕಲೀತಾ ಇದ್ದೇನೆ. ಆದರೆ ಕಲಿತ ಕೂಡ್ಲೇ ಕರೀತಾರೆ ಅಂತ ನಂಬಬೇಡಿ. ಬೆಂದೂರು ಬಾಬುವಿನಿಂದ ಇವತ್ತಿನ ತನಕ ಒಂದೇ ಒಂದು ಸಲವೂ ಹಾಗೆ ಆಗಲಿಲ್ಲ.

ಆ ಹುಡುಗಿಗೆ ನನ್ನ ಉತ್ತರ ಇದು. ಕಲ್ತ ಮೇಲೆ ತಾವಾಗಿ ಯಾರೂ ತಕಂಬುದಿಲ್ಲ ಮಗಾ, ತೆಗೆದುಕೊಳ್ಳುವ ಹಾಗೆ ನಾವು ಮಾಡಬೇಕು. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ ತರಬೇತಿ ಸ್ಥಾನ ಮೀಸಲಿದೆ, ಅದು ಖಾಸಗಿ ಕಾರ್ಖಾನೆಗೂ ಅನ್ವಯ ಆಗ್ತದೆ. ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತಿದೆ? ಮುಂದಿನ ಭಾನುವಾರ ಕಾಲೋನಿಯ ಅಂಬೇಡ್ಕರ್ ಭವನದಲ್ಲಿ ಸೇರುವ. ತಾಲೂಕಿನ ಕಚೇರಿಗಳ ಹೊರಗುತ್ತಿಗೆ ನೇಮಕದ ರೋಸ್ಟರ್ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆಯುವ. ಅರ್ಜಿ ಬರೆಯೋದು ನನಗೆ ಬರ್ತದೆ, ಇಪ್ಪತ್ತು ವರ್ಷದಿಂದ ಅದೇ ನನ್ನ ಸ್ಕಿಲ್. ಆ ಹುಡುಗಿ ಟೈಪ್ ಮಾಡ್ತೇನೆ ಅಂತ ಈಗಾಗ್ಲೇ ಒಪ್ಪಿಕೊಂಡಿದ್ದಾಳೆ.

ಬರುವವರು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತನ್ನಿ.

ಜೈಭೀಮ್.