ಮದರಸಗಳಲ್ಲಿ ಸ್ವಾಧ್ಯಾಯ

ಗುರುವಿನಿಂದ ಕೇಳಿದುದು ವಿದ್ಯೆಯೋ, ತಾನೇ ಓದಿ ಅರಿತುಕೊಂಡುದು ವಿದ್ಯೆಯೋ ಎಂಬ ಪ್ರಶ್ನೆಯು ಬಹು ಹಳೆಯದು. ಇಸ್ಲಾಮೀ ಶಿಕ್ಷಣವೆಂದರೆ ಬರಿಯ ಕಂಠಪಾಠವೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಅದರ ಇತಿಹಾಸವಾದರೋ ಬೇರೆ ಮಾತನ್ನು ಹೇಳುತ್ತದೆ.

ಗುರುಗುಂಟಾದ ಸೀಮೆಯು ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿಗೆ ಸೇರಿದುದು. ಇಲ್ಲಿಯ ರಾಯಚೂರು, ಮುದಗಲ್ಲು ಕೋಟೆಗಳಿಗಾಗಿ ಬಹಮನೀ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಟ್ಟಲೆ ಕಾದಾಡಿದುದನ್ನು ಎಲ್ಲರೂ ಬಲ್ಲರು; ಅದೇ ಬಹಮನೀ ರಾಜ್ಯದ ವಿದ್ಯಾಪ್ರೇಮವನ್ನು ಬಲ್ಲವರು ಕಡಮೆ.

ಗೀಲಾನ ದೇಶದಿಂದ ಬಂದು ಬೀದರಿನಲ್ಲಿ ಮಂತ್ರಿಪದವಿಗೇರಿದ ಮಹಮೂದ ಗವಾನನು 1472ರಲ್ಲಿ ಅಲ್ಲಿ ಮೂರಂತಸ್ತಿನ ಮದರಸವನ್ನು ಕಟ್ಟಿಸಿದನು. ಪಾಠದ ಹಜಾರಗಳು, ಮಸೀದಿ, ಗ್ರಂಥಭಂಡಾರ, ಅಧ್ಯಾಪಕರ ವಸತಿ, ವಿದ್ಯಾರ್ಥಿಗಳ ಕೋಣೆಗಳು ಎಲ್ಲವೂ ಒಂದೇ ಕಟ್ಟಡದಲ್ಲಿದ್ದುವು. ಗವಾನನ ಭಂಡಾರದಲ್ಲಿ 3000 ಗ್ರಂಥಗಳಿದ್ದುವೆಂದು ಇತಿಹಾಸಕಾರ ಫಿರಿಷ್ತಾ ಬರೆದಿರುವನು. ಎಲ್ಲವನ್ನೂ ಕೈಯಿಂದ ಪ್ರತಿಮಾಡುತ್ತಿದ್ದ ಆ ಕಾಲದಲ್ಲಿ ಇದು ಅಲ್ಪಸಂಖ್ಯೆಯಲ್ಲ. ಕೇಳಿ ಬಾಯಿಪಾಠ ಮಾಡುವುದಷ್ಟೇ ವಿದ್ಯೆಯಾಗಿದ್ದರೆ ಇಷ್ಟು ಗ್ರಂಥಗಳ ಅವಶ್ಯಕತೆಯೇನು?

ಮದರಸಗಳ ಹಳೆಯ ಕ್ರಮದಲ್ಲಿ ‘ಮುತಾಲಆ’ ಎಂಬುದೊಂದುಂಟು. ನಾಳಿನ ಪಾಠವನ್ನು ವಿದ್ಯಾರ್ಥಿಯು ಮುಂಚಿತವಾಗಿ ತಾನೇ ಓದಿ, ತಿಳಿಯದೆಡೆಗಳನ್ನು ಗುರುತಿಸಿಕೊಂಡು ಗುರುವಿನೆದುರು ಕುಳಿತುಕೊಳ್ಳಬೇಕು. ಪಾಠವಾದ ಬಳಿಕ ಸಹಪಾಠಿಗಳೊಡನೆ ಅದನ್ನು ಚರ್ಚಿಸಬೇಕು. 18ನೆಯ ಶತಮಾನದಲ್ಲಿ ಲಖನೌದ ಮುಲ್ಲಾ ನಿಜಾಮುದ್ದೀನರ ಹೆಸರಿನಿಂದ ಪ್ರಸಿದ್ಧವಾದ ‘ದರ್ಸೆ ನಿಜಾಮಿ’ ಪಠ್ಯಕ್ರಮದ ಮರ್ಮವೂ ಇದೇ. ಪ್ರತಿಯೊಂದು ಶಾಸ್ತ್ರದಲ್ಲಿಯೂ ಕಠಿನವಾದ ಒಂದೆರಡು ಗ್ರಂಥಗಳನ್ನು ಗುರುಮುಖದಿಂದ ಕಲಿತವನು ಉಳಿದವನ್ನು ತನ್ನ ಬಲದಿಂದಲೇ ಓದಿಕೊಳ್ಳುವನೆಂಬುದು ಅದರ ಆಶಯ.

ಇದರ ಫಲವೇನು? ಇಬ್ನ್ ಖಲ್ದೂನನು (1332–1406) ತನ್ನ ‘ಮುಕದ್ದಿಮಾ’ದಲ್ಲಿ ಇದನ್ನು ವಿಚಾರಿಸಿರುವನು. ಮೊರೊಕ್ಕೋದ ಮದರಸಗಳಲ್ಲಿ ವಿದ್ಯಾರ್ಥಿಯ ವಾಸಕ್ಕೆ 16 ವರ್ಷಗಳ ಅವಧಿ. ಟ್ಯೂನಿಸಿನಲ್ಲಿ 5 ವರ್ಷಗಳು ಮಾತ್ರ. ಮೊರೊಕ್ಕೋದವರ ಸ್ಮರಣಶಕ್ತಿಯು ಕಡಮೆಯದಲ್ಲ; ಆದರೆ ಅವರು ಸಭೆಗಳಲ್ಲಿ ಮೌನವಾಗಿ ಕುಳಿತು ಕಂಠಪಾಠಕ್ಕೇ ಮನಸ್ಸು ಕೊಟ್ಟುದರಿಂದ ಶಾಸ್ತ್ರವನ್ನು ಬಳಸುವ ಸಾಮರ್ಥ್ಯವನ್ನು ಪಡೆಯಲಿಲ್ಲವೆಂದು ಅವನ ಅಭಿಪ್ರಾಯ. ನಾಲಗೆ ಬಿಚ್ಚಿ ಪ್ರಶ್ನಿಸಿದವನಿಗೇ ವಿದ್ಯೆಯು ವಶವಾಗುವುದೆಂದು ಅವನ ನಿರ್ಣಯ.

ಗವಾನನು ಸುಳ್ಳು ಪತ್ರದ ಒಳಸಂಚಿಗೆ ಬಲಿಯಾಗಿ 1481ರಲ್ಲಿ ಮರಣದಂಡನೆಗೆ ಗುರಿಯಾದನು. 1696ರಲ್ಲಿ ಮದ್ದು ಸಿಡಿದು ಅವನ ಮದರಸದ ಬಹುಭಾಗ ಕೆಡೆಯಿತು. ಉಳಿದುದು ಇಂದಿಗೂ ಬೀದರಿನಲ್ಲಿ ನಿಂತಿದೆ.

ಸ್ವಾಧ್ಯಾಯವು ಗುರುವನ್ನು ತೊರೆಯುವ ಮಾರ್ಗವಲ್ಲ. ಗುರುವಿನೆದುರು ಬರಿಗೈಯಲ್ಲಿ ಹೋಗದಿರುವ ಮಾರ್ಗ. ಆದರೆ ಅದಕ್ಕೆ ಗ್ರಂಥ ಬೇಕು, ಬಿಡುವು ಬೇಕು, ಪ್ರಶ್ನೆಯನ್ನು ಸಹಿಸುವ ಗುರು ಬೇಕು. ಈ ಮೂರನ್ನು ಒದಗಿಸದೆ ಮಕ್ಕಳು ತಾವಾಗಿ ಕಲಿಯಲಿಲ್ಲವೆಂದು ದೂರುವುದು ನ್ಯಾಯವಲ್ಲ. ಮದರಸಕ್ಕೆ ಸಲ್ಲುವ ಈ ಮಾತು ನಮ್ಮ ಎಲ್ಲ ಶಾಲೆಗಳಿಗೂ ಸಲ್ಲುವುದು.