ಸ್ಯಾಕ್ಸೊಫೋನ್: ಜೋಡಣೆಗಳ ಆರೈಕೆ

ಮೈಯೆಲ್ಲ ಹಿತ್ತಾಳೆಯಾದರೂ ಸ್ಯಾಕ್ಸೊಫೋನ್ ಸೇರುವುದು ಮರದ ಸುಷಿರವಾದ್ಯಗಳ ಕುಲಕ್ಕೇ. ನಾದ ಹುಟ್ಟುವುದು ಜೊಂಡಿನ ರೀಡಿನಿಂದ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯವನ್ನು ಮೈಸೂರು ಅರಮನೆ ಬ್ಯಾಂಡಿನಲ್ಲಿ ಕೇಳಿ ಮನಸೋತ ಕದ್ರಿ ಗೋಪಾಲನಾಥ್ (1949–2019) ಕರ್ನಾಟಕ ಸಂಗೀತದ ವೇದಿಕೆಗೆ ತಂದರು.

ಈ ವಾದ್ಯದ ಸೂಕ್ಷ್ಮ ಜಾಗ ಕೊರಳ ಕೊಳವೆಯ ತುದಿ. ಅಲ್ಲಿ ಸುತ್ತಿರುವುದು ಕಾರ್ಕ್, ಅಂದರೆ ಕಾರ್ಕ್ ಓಕ್ ಮರದ ತೊಗಟೆ. ಶ್ರುತಿ ಕೂಡಿಸಲು ಮೌತ್‌ಪೀಸನ್ನು ಈ ಕಾರ್ಕಿನ ಮೇಲೆಯೇ ಹಿಂದೆಮುಂದೆ ಸರಿಸಬೇಕು. ಒಣಗಿದ ಕಾರ್ಕಿನ ಮೇಲೆ ಒತ್ತಿ ತಿರುಗಿಸಿದರೆ ಅದು ಹರಿಯುತ್ತದೆ. ಆದ್ದರಿಂದ ಕಾರ್ಕ್ ಗ್ರೀಸನ್ನು ತೆಳುವಾಗಿ ಸವರಬೇಕು. ನುಡಿಸಿದ ಮೇಲೆ ಮೌತ್‌ಪೀಸನ್ನು ಅಲ್ಲೇ ಬಿಟ್ಟರೆ ಕಾರ್ಕ್ ಅದುಮಿಕೊಂಡು ಕುಗ್ಗುತ್ತದೆ, ಗಾಳಿ ಸೋರುತ್ತದೆ. ಉಸಿರೇ ಆಧಾರವಾದ ದೀರ್ಘ ಆಲಾಪನೆಗೆ ಇದು ದೊಡ್ಡ ಪೆಟ್ಟು.

ಕೊರಳು ಮೈಗೆ ಕೂಡುವಲ್ಲಿ ಲೋಹಕ್ಕೆ ಲೋಹ. ಅಲ್ಲಿ ಗ್ರೀಸ್ ಬೇಡ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಜೋಡಿಸುವ ಮುನ್ನ ಕೊರಳನ್ನು ಬಿಗಿಯುವ ತಿರುಪು ಸಡಿಲಿಸಬೇಕು.

ಯಲಹಂಕ, ಹೆಬ್ಬಾಳದ ಕಲ್ಯಾಣಮಂಟಪಗಳಲ್ಲಿ ನುಡಿಸುವವರು ಫೆಬ್ರವರಿ–ಮಾರ್ಚಿನ ಒಣಹವೆಯಲ್ಲಿ ಕಾರ್ಕನ್ನು ಹೆಚ್ಚು ಗಮನಿಸುವುದು ಒಳಿತು. ಸವೆದ ಕಾರ್ಕಿಗೆ ಕಾಗದ ಸುತ್ತುವುದು ಆ ಸಂಜೆಯ ಮಟ್ಟಿಗಷ್ಟೇ. ಹಳೆಯದನ್ನು ಕೆರೆದು ಹೊಸದನ್ನು ಅಂಟಿಸಿ, ಉಪ್ಪುಕಾಗದದಿಂದ ಉಜ್ಜಿ ಹೊಂದಿಸಬೇಕು.